ಆ ಡಬ್ಬಿ ನಿಮ್ಮ ಮಗುವಿಗೆ ತೆಗೆಯೋಕೆ ಬರುತ್ತಾ?

ಈಗಷ್ಟೇ ಗಾಂಧಿ ಬಜಾರಿಂದ ಬಂದೆ. ಕೊಡೆ ಜಗುಲಿಯಲ್ಲಿ ನೀರು ಸುರಿಸ್ತಾ ಬಿದ್ದಿದೆ, ಟೀಗೂ ಇಟ್ಟಿಲ್ಲ. ಮೊದಲು ಇದನ್ನು ಬರೆದುಬಿಡ್ತೀನಿ, ಇಲ್ದಿದ್ರೆ ರಾತ್ರಿ ನಿದ್ದೆ ಬರಲ್ಲ.

ಶಾಲೆ ಶುರುವಾಗೋ ವಾರ ಅಂದ್ರೆ ಗೊತ್ತಲ್ಲ, ಅಂಗಡಿಯಲ್ಲಿ ಮೊಣಕೈ ಊರೋಕೂ ಜಾಗ ಇಲ್ಲ. ನನ್ನ ಪಕ್ಕ ಆರು ವರ್ಷದ ಒಬ್ಬ ಹುಡುಗ, ಅವನಮ್ಮ. ಅವರ ಕೈಯಲ್ಲೊಂದು ಟಿಫನ್ ಬಾಕ್ಸ್. ನಾಲ್ಕೂ ಕಡೆ ಕ್ಲಿಪ್ಪು, ಮುಚ್ಚಳದ ಒಳಗೆ ಸಿಲಿಕೋನ್ ರಿಂಗು, ಮೇಲೆ ಡೈನೋಸಾರು. "ಒಂದು ಹನಿ ಸೋರಲ್ಲ ಮೇಡಂ" ಅಂತ ಅಂಗಡಿಯವರು. ಸೋರಲ್ಲ, ಖಂಡಿತ ಸೋರಲ್ಲ. ಸಾರೂ ಹೊರಗೆ ಬರಲ್ಲ, ಅನ್ನವೂ ಬರಲ್ಲ.

ನಾನು ಬಾಯಿ ಮುಚ್ಕೊಂಡಿರೋ ಪೈಕಿ ಅಲ್ಲ ಅಂತ ನಿಮಗೆ ಗೊತ್ತು. "ಒಂದ್ಸಲ ಅವನ ಕೈಲೇ ತೆಗೆಸಿ ನೋಡಿ" ಅಂದೆ. ಹುಡುಗ ಎರಡು ಕ್ಲಿಪ್ಪು ಬಿಚ್ಚಿದ. ಮೂರನೆಯದಕ್ಕೆ ಡಬ್ಬಿನ ಹೊಟ್ಟೆಗೆ ಒತ್ಕೊಂಡ, ನಾಲಿಗೆ ಹೊರಗೆ ಬಂತು, ಹೆಬ್ಬೆರಳ ತುದಿ ಬೆಳ್ಳಗಾಯ್ತು. ಕ್ಲಿಪ್ಪು ಜಪ್ಪಯ್ಯ ಅನ್ನಲಿಲ್ಲ. "ಅಭ್ಯಾಸ ಆಗುತ್ತೆ ಬಿಡಿ" ಅಂತ ಅವನಮ್ಮ ಬಿಲ್ ಮಾಡಿಸಿದ್ರು.

ಅಭ್ಯಾಸ ಯಾರಿಗೆ ಆಗುತ್ತೆ ಹೇಳಿ? ನನಗೆ! ಹದಿಮೂರು ವರ್ಷದಿಂದ ಒಂದನೇ ಕ್ಲಾಸೇ ನನ್ನ ಹಣೆಬರಹ. ಜೂನ್ ತಿಂಗಳು ಪೂರ್ತಿ ಊಟದ ಬೆಲ್ ಹೊಡೆದ ಕೂಡಲೇ ನನ್ನ ಮೇಜಿನ ಮುಂದೆ ಕ್ಯೂ. "ಮಿಸ್, ಓಪನ್." "ಮಿಸ್, ನಂದೂ." ಇಪ್ಪತ್ತು ಡಬ್ಬಿ, ಹತ್ತು ಬಾಟಲಿ. ನನ್ನ ಡಬ್ಬಿ ತೆಗೆಯೋ ಹೊತ್ತಿಗೆ ಎರಡನೇ ಬೆಲ್. ಅದು ಹಾಳಾಗಿ ಹೋಗಲಿ. ಕ್ಯೂನಲ್ಲಿ ಬಂದು ನಿಲ್ಲೋ ಮಕ್ಕಳ ಚಿಂತೆ ನನಗಿಲ್ಲ. ಬರದೇ ಇರೋ ಎರಡು ಮೂರು ನಾಚಿಕೆ ಮುದ್ದೆಗಳಿರ್ತವೆ. ಸುಮ್ಮನೆ ಡಬ್ಬಿನ ಬ್ಯಾಗಿಗೆ ತುರುಕಿ ಆಡೋಕೆ ಓಡಿಬಿಡ್ತವೆ. ಮಧ್ಯಾಹ್ನ ಮೂರಕ್ಕೆ ಡೆಸ್ಕಿನ ಮೇಲೆ ತಲೆ ಇಟ್ಟು ಮಲಗಿದಾಗ ನನಗೆ ಗೊತ್ತಾಗೋದು. (ಬಿಸಿಯೂಟ ಇರೋ ಶಾಲೆಗಳಲ್ಲಿ ಈ ರಗಳೆ ಇಲ್ಲ. ತಟ್ಟೆಗೆ ಮುಚ್ಚಳ ಇರಲ್ಲವಲ್ಲ.)

ತಪ್ಪು ಕ್ಲಿಪ್ಪಿಂದು ಮಾತ್ರ ಅಲ್ಲ. ಬೆಳಿಗ್ಗೆ ಏಳೂವರೆಗೆ ಹಬೆಯಾಡೋ ಚಿತ್ರಾನ್ನ ತುಂಬಿ ಮುಚ್ಚಳ ಒತ್ತಿಬಿಡ್ತೀವಿ. ಹನ್ನೆರಡೂವರೆಗೆ ಒಳಗಿನ ಹಬೆ ತಣಿದು ನೀರಾಗಿ, ಮುಚ್ಚಳ ಒಳಕ್ಕೆ ಎಳ್ಕೊಂಡು ಕೂತಿರುತ್ತೆ. ಗಾಳಿಯಾಡದ ರಿಂಗು ಬೇರೆ. ನನಗೇ ಚಮಚದ ಹಿಡಿ ತೂರಿಸಿ ಮೀಟಬೇಕು, 'ಬುಸ್' ಅಂದ ಮೇಲೇ ಅದು ಬಿಡೋದು. ಐದು ನಿಮಿಷ ಆರಿಸಿ ಹಾಕಿ ಅಂತ ಪೇರೆಂಟ್ಸ್ ಮೀಟಿಂಗಲ್ಲಿ ಹೇಳಿದ್ರೆ, ಮಿಸ್ ಅಡುಗೆ ಕಲಿಸೋಕೆ ಬಂದ್ರು ಅನ್ನೋ ಥರ ನೋಡ್ತಾರೆ.

ಇನ್ನು ಬಾಟಲಿ ವಿಷಯ. ಒಂದನೇ, ಎರಡನೇ ಕ್ಲಾಸಿನವರ ಬ್ಯಾಗು 1.5ರಿಂದ 2 ಕೆಜಿ ಒಳಗಿರಬೇಕು ಅಂತ 2019ರಲ್ಲೇ ನಮ್ಮ ಸರ್ಕಾರ ಆದೇಶ ಹೊರಡಿಸಿದೆ. ನಾವೋ, ಒಂದು ಲೀಟರ್ ಹಿಡಿಯೋ ಸ್ಟೀಲ್ ಬಾಟಲಿ ತುಂಬಿಸಿ ಕಳಿಸ್ತೀವಿ. ನೀರೇ ಒಂದು ಕೆಜಿ ಆಯ್ತು, ಇನ್ನು ಪುಸ್ತಕ ಎಲ್ಲಿಡೋದು? ಅದೂ ಗುಂಡಿ ಒತ್ತಿದ್ರೆ ಸ್ಟ್ರಾ ಎದ್ದು ನಿಲ್ಲೋ ಬಾಟಲಿ. ಒಂದು ಸಲ ಆ ಸ್ಟ್ರಾನ ಬೆಳಕಿಗೆ ಹಿಡಿದು ನೋಡಿ. ನಮ್ಮ ಮಲೆನಾಡಿನ ಮಳೆಗಾಲಕ್ಕೆ ಗೋಡೆಗೇ ಬೂಸ್ಟು ಹಿಡಿಯುತ್ತೆ, ಸ್ಟ್ರಾ ಬಿಡುತ್ತಾ?

ಪೆನ್ಸಿಲ್ ಬಾಕ್ಸ್ ಕಥೆ ಬೇಡವೇ ಬೇಡ. ಗುಂಡಿ ಒತ್ತಿದ್ರೆ ಮೆಂಡರ್ ಹಾರಿ ಬರುತ್ತೆ, ಇನ್ನೊಂದು ಒತ್ತಿದ್ರೆ ರಬ್ಬರ್. ಆ ರಬ್ಬರೋ ಸ್ಟ್ರಾಬೆರಿ ವಾಸನೆ. ಅಳಿಸಿದ್ರೆ ಹಾಳೆ ಮೇಲೆ ಗುಲಾಬಿ ಬಣ್ಣದ ಗೀರು, ವಾಸನೆಗೆ ಮಕ್ಕಳು ಅದನ್ನೇ ಕಚ್ಚಿ ತಿಂತವೆ. ನಾವು ಬಳಪ ತಿಂದಿಲ್ವಾ ಅಂತೀರಿ. ತಿಂದಿದ್ದೀವಿ, ಆದ್ರೆ ಅದಕ್ಕೆ ನಲವತ್ತು ರೂಪಾಯಿ ಕೊಟ್ಟಿರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಪೆನ್ಸಿಲ್, ರಬ್ಬರ್, ನೋಟ್‌ಬುಕ್ಕಿಗೆ ಜಿಎಸ್‌ಟಿ ಸೊನ್ನೆ ಮಾಡಿದ್ದಾರೆ. ಅದ್ರಲ್ಲಿ ಉಳಿದ ದುಡ್ಡನ್ನ ನಾವು ಡೈನೋಸಾರಿಗೆ ಹಾಕ್ತಿದ್ದೀವಿ.

"ಮಕ್ಕಳ ಖುಷಿ ಮುಖ್ಯ ಅಲ್ವಾ, ಇಷ್ಟದ ಬಾಕ್ಸ್ ಇದ್ರೆ ಅಳದೆ ಶಾಲೆಗೆ ಹೋಗ್ತಾವೆ" ಅಂತ ನಮ್ಮ ಓರಗಿತ್ತಿ ಕಾಮೆಂಟ್ ಹಾಕೇ ಹಾಕ್ತಾಳೆ, ಗೊತ್ತು ನಂಗೆ. ಹೋಗ್ತಾವಮ್ಮ, ಗೇಟಿನ ತನಕ. ಆಮೇಲೆ ಆ ಖುಷಿನ ಮಧ್ಯಾಹ್ನ ತೆಗೆದುಕೊಡೋಳು ನಾನು.

ಸರಿ, ನಿಜ ಹೇಳಿಬಿಡ್ತೀನಿ. ಹೋದ ವರ್ಷ ನನ್ನ ಮಗಳು ಯುಕೆಜಿಗೆ ಹೋಗುವಾಗ ಯೂನಿಕಾರ್ನ್ ಡಬ್ಬಿ ತಂದವಳು ನಾನೇ. ನನ್ನ ಶಾಲೆ ಅಲ್ಲ, ಮನೆ ಹತ್ತಿರದ್ದು. ಮೂರು ದಿನ ಡಬ್ಬಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬಂತು. ಮೊದಲೆರಡು ದಿನ ಅವಳ ಅಪ್ಪ ತೊಳೆಯೋಕೆ ಹಾಕಿದ್ರು, ನಾನು ಬೈಯೋ ಕೆಲಸ ಮಾತ್ರ ಮಾಡಿದೆ. "ಊಟ ಬಿಸಾಡೋ ಅಷ್ಟು ಕೊಬ್ಬಾ ನಿಂಗೆ?" ಮೂರನೇ ಸಂಜೆ ಸಿಂಕಿನ ಹತ್ರ ನಾನು ತೆಗೆಯೋಕೆ ಹೋದೆ. ಬರಲಿಲ್ಲ. ಬೆಳಿಗ್ಗೆ ನಾನೇ ಬಿಸಿ ಉಪ್ಪಿಟ್ಟು ಹಾಕಿ ಒತ್ತಿದ್ದು. ಟೀಚರ್ ಹತ್ರ ಕೇಳೋಕೆ ಏನಾಗಿತ್ತೇ ಅಂದೆ.

"ಟೀಚರ್ ಹತ್ರ ತುಂಬಾ ಜನ ಇದ್ರು" ಅಂದ್ಲು.

ನಲ್ಲಿ ಹಾಗೇ ಸುರೀತಾ ಇತ್ತು.

ಇವತ್ತು ತಂದಿದ್ದು ಬರೀ ಸ್ಟೀಲ್ ಡಬ್ಬಿ. ಕ್ಲಿಪ್ಪಿಲ್ಲ, ರಿಂಗಿಲ್ಲ, ಮುಚ್ಚಳಕ್ಕೊಂದು ಸಣ್ಣ ಕಿವಿ ಇದೆ. ಅಂಗಡಿಯಲ್ಲೇ ಮೂರು ಸಲ ಅವಳ ಕೈಲೇ ತೆಗೆಸಿದೆ, ಹಿಂದಿನವರು ಗೊಣಗಿದ್ರು, ಗೊಣಗಲಿ. ಸಾರು ಹಾಕಿದ್ರೆ ಸೋರುತ್ತೆ, ಅದಕ್ಕೆ ಸಾರು ಹಾಕಲ್ಲ. "ಅಜ್ಜಿ ಡಬ್ಬಿ" ಅಂತ ದಾರಿಯುದ್ದಕ್ಕೂ ಮುಖ ಊದಿಸ್ಕೊಂಡೇ ಬಂದ್ಲು. ಬೆಕ್ಕಿನ ಸ್ಟಿಕರ್ ಕೊಡಿಸಿದ ಮೇಲೆ ಸ್ವಲ್ಪ ಇಳೀತು. ಈಗ ಒಳಗೆ ಕೂತು ಟಪ್ ಅಂತ ತೆಗೆಯೋದು, ಟಪ್ ಅಂತ ಮುಚ್ಚೋದು, ಮತ್ತೆ ತೆಗೆಯೋದು. ಹತ್ತು ನಿಮಿಷದಿಂದ ಇದೇ. ತಲೆ ಚಿಟ್ಟು ಹಿಡೀತಾ ಇದೆ ಮಾರಾಯ್ರೆ, ಆದ್ರೂ ಸಾಕು ನಿಲ್ಸು ಅನ್ನೋಕೆ ಬಾಯಿ ಬರ್ತಿಲ್ಲ.