ಗಾಡಿಗೆ ನಾಮಕರಣ, ಫುಟ್‌ಪಾತಿಗೆ ಎಳ್ಳುನೀರು

ಷಿಕಾಗೋ ನಗರಪಾಲಿಕೆಯವರ ರಸಿಕತೆಯನ್ನು ಮೆಚ್ಚಲೇಬೇಕು. ಹಿಮ ತಳ್ಳುವ ಲಾರಿಗಳಿಗೆ ಜನರಿಂದಲೇ ಹೆಸರು ಕೇಳಿ, ಮತ ಹಾಕಿಸಿ, ಶಾಸ್ತ್ರೋಕ್ತವಾಗಿ ನಾಮಕರಣ ಮಾಡುತ್ತಾರೆ. 2023ರಲ್ಲಿ ‘ಸಾಲ್ಟರ್ ಪೇಟನ್’, ‘ಸಿಯರ್ಸ್ ಪ್ಲೌವರ್’ ಹುಟ್ಟಿದವು (ಊರಿನ ಫುಟ್‌ಬಾಲ್ ವೀರ ವಾಲ್ಟರ್ ಪೇಟನ್, ಊರಿನ ಗಗನಚುಂಬಿ ಸಿಯರ್ಸ್ ಟವರ್ ಹೆಸರುಗಳನ್ನೇ ತಿರುಚಿದ್ದು). ಮರುವರ್ಷ ‘ಕಂಟ್ರೋಲ್-ಸಾಲ್ಟ್-ಡಿಲೀಟ್’. ತೊಟ್ಟಿಲು ಕಟ್ಟಿ ಸಕ್ಕರೆ ಹಂಚಲಿಲ್ಲ ಅನ್ನುವುದೊಂದೇ ಕೊರತೆ. ಇಷ್ಟು ಮಕ್ಕಳೊಂದಿಗರಾದರೂ ಮನೆಮನೆಯ ಮುಂದಿನ ಫುಟ್‌ಪಾತ್ ಗುಡಿಸುವ ಕೂಸು ಮಾತ್ರ ಇನ್ನೂ ಹುಟ್ಟಿಲ್ಲ. ಅದಕ್ಕಾಗಿ 2023ರ ಜುಲೈನಲ್ಲೇ ಒಂದು ಕಾರ್ಯತಂಡ ಆಯಿತು. ತಂಡದ ವರದಿಯೂ ಬಂತು. ಮೊದಲು ಕೆಲವು ವಲಯಗಳಲ್ಲಿ ಪ್ರಯೋಗ ಮಾಡಿ ನೋಡಬಹುದಂತೆ. ದುಡ್ಡೆಲ್ಲಿ? ಮುಂದಿನ ಕತೆ ನಿಮಗೆ ಗೊತ್ತೇ ಇದೆ.

ಅಲ್ಲಿಯವರೆಗೆ ಫುಟ್‌ಪಾತು ಪಕ್ಕದ ಕಟ್ಟಡದ ಮಾಲೀಕರ ತಲೆಗೆ. ಬೆಳಿಗ್ಗೆ 7ರಿಂದ ಸಂಜೆ 7ರೊಳಗೆ ಬಿದ್ದ ಹಿಮವನ್ನು ರಾತ್ರಿ 10ರೊಳಗೆ ತೆಗೆಯಬೇಕು. ರಾತ್ರಿ ಬಿದ್ದದ್ದನ್ನು ಬೆಳಿಗ್ಗೆ 10ರೊಳಗೆ. ಭಾನುವಾರಕ್ಕೂ ರಜೆ ಇಲ್ಲ. ದಾರಿಯ ಅಗಲ 5 ಅಡಿ ಇರಬೇಕು, ಮೂಲೆಯ ಇಳಿಜಾರೂ ಸೇರಿದಂತೆ. ತಪ್ಪಿದರೆ ದಿನಕ್ಕೆ 50ರಿಂದ 500 ಡಾಲರ್ ದಂಡ. ತೆಗೆದ ಹಿಮವನ್ನು ರಸ್ತೆಗೆ ತಳ್ಳಬಾರದು, ಸೈಕಲ್ ಲೇನಿಗೆ ತಳ್ಳಬಾರದು, ಬಸ್ ಸ್ಟಾಪಿಗೆ ತಳ್ಳಬಾರದು, ಬೆಂಕಿ ನಂದಿಸುವ ಹೈಡ್ರಂಟಿಗೆ ಒತ್ತಬಾರದು. ಆಕಾಶಕ್ಕೆ ವಾಪಸ್ ಕಳಿಸಬಾರದು ಅಂತ ಮಾತ್ರ ಎಲ್ಲೂ ಬರೆದಿಲ್ಲ. ಮುಂದೆ ಅಂಗಳ ಇದ್ದವರು ಬಚಾವ್. ಗೋಡೆಗೇ ಫುಟ್‌ಪಾತ್ ಅಂಟಿಕೊಂಡ ಅಂಗಡಿಯವರು ಆಕಾಶದ ದಾರಿಯನ್ನೂ ಯೋಚಿಸಬಹುದು.

ಸರಿ, ಒಳ್ಳೆಯ ಮಾಲೀಕರೊಬ್ಬರು ಬೆಳಿಗ್ಗೆ ಎಂಟಕ್ಕೇ ಸಲಿಕೆ ಹಿಡಿದು ಕಾಂಕ್ರೀಟು ಕಾಣುವಂತೆ ಗುಡಿಸಿದರು ಅಂತಿಟ್ಟುಕೊಳ್ಳಿ. ಒಂಬತ್ತಕ್ಕೆ ಸಾಲ್ಟರ್ ಪೇಟನ್ ಸವಾರಿ ಬರುತ್ತದೆ. ಲಾರಿಯ ಮುಂದಿನ ಅಲಗು ಓರೆಯಾಗಿರುತ್ತದೆ, ಹಿಮವನ್ನು ಬಲಕ್ಕೆ ಎಸೆಯುತ್ತದೆ. ಬಲಕ್ಕಿರುವುದು ರಸ್ತೆಯ ಅಂಚು. ಬಸ್ ನಿಲ್ಲುವುದೂ ಅಲ್ಲೇ, ದಾಟುವವರ ಇಳಿಜಾರು ಇರುವುದೂ ಅಲ್ಲೇ. ಹೀಗೆ ಬಂದು ಬೀಳುವ ಸರಕು ಆಕಾಶದಿಂದ ಉದುರಿದ ಹತ್ತಿಯಲ್ಲ. ಉಪ್ಪು, ಮರಳು, ಟಯರಿನ ಕೊಳೆ ಎಲ್ಲ ಕಲೆತು ಒತ್ತಿಕೊಂಡ ಬೂದು ಕೆಸರು. ಸಂಜೆ ಹೊತ್ತಿಗೆ ಹೆಪ್ಪುಗಟ್ಟಿದರೆ ಸಲಿಕೆ ಠಣ್ ಅನ್ನುತ್ತದೆ, ಹಾರೆಯೇ ಬೇಕು. ಹಾರೆ ಹಾಕಿದರೆ ಕಾಂಕ್ರೀಟಿನ ಅಂಚೂ ಎದ್ದು ಬರುತ್ತದೆ.

ಉಪ್ಪು ಹಾಕಿ ಅನ್ನುತ್ತೀರಿ. ಸಾದಾ ಕಲ್ಲುಪ್ಪು ಮೈನಸ್ 9 ಡಿಗ್ರಿಗಿಂತ ಕೆಳಗೆ ಕೈ ಕಟ್ಟಿ ಕೂರುತ್ತದೆ. ಅದಕ್ಕಿಂತ ಹೆಚ್ಚಿನ ಚಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಅದು ಮೈನಸ್ 25ರಲ್ಲೂ ದುಡಿಯುತ್ತದೆ. ಬೆಲೆ ಜಾಸ್ತಿ ಅಂತ ಜನ ಕಲ್ಲುಪ್ಪನ್ನೇ ದುಪ್ಪಟ್ಟು ಸುರಿಯುತ್ತಾರೆ. ಫುಟ್‌ಪಾತಿನ ಹತ್ತು ಚಪ್ಪಡಿಗೆ ಒಂದು ದೊಡ್ಡ ಕಾಫಿ ಮಗ್ ಉಪ್ಪು ಧಾರಾಳ ಸಾಕು. ಉಳಿದದ್ದು ಚರಂಡಿಗೆ, ಮತ್ತು ನಾಯಿಗಳ ಅಂಗಾಲಿಗೆ.

ಈಗ ಬಸ್ಸಿನ ವಿಷಯ. ಡೌನ್‌ಟೌನಿನಲ್ಲಿ 2015ರ ಡಿಸೆಂಬರಿನಲ್ಲಿ ಸುಮಾರು 3.2 ಕೋಟಿ ಡಾಲರ್ ಖರ್ಚಿನ ‘ಲೂಪ್ ಲಿಂಕ್’ ಶುರುವಾಯಿತು. ಬಸ್ಸಿಗೆ ಕೆಂಪು ಲೇನು, ಎತ್ತರದ ಪ್ಲಾಟ್‌ಫಾರ್ಮು, ಎಲ್ಲ ವೇಗಕ್ಕಾಗಿ. ಶುರುವಾದ ದಿನಗಳಲ್ಲಿ ಪ್ಲಾಟ್‌ಫಾರ್ಮ್ ಹತ್ತಿರ ಬಸ್ಸು ಗಂಟೆಗೆ 3 ಮೈಲಿ ಮೀರಬಾರದು ಅಂತ ಅಪ್ಪಣೆಯಾಯಿತು. ಅಂಚಿನಲ್ಲಿ ನಿಂತವರ ತಲೆಗೆ ಬಸ್ಸಿನ ಕನ್ನಡಿ ಬಡಿದೀತು ಅನ್ನುವ ಭಯ. ಮೂರು ಮೈಲಿ ಅಂದರೆ ಮೊಮ್ಮಗನ ಕೈ ಹಿಡಿದು ವಾಕಿಂಗ್ ಹೋಗುವ ಅಜ್ಜನ ನಡಿಗೆ. ಆಮೇಲೆ ಆ ಮಿತಿ ಹೋಯಿತು ಅನ್ನಿ.

ಡೌನ್‌ಟೌನ್ ದಾಟಿದ ಮೇಲೆ ಪ್ಲಾಟ್‌ಫಾರ್ಮ್ ಇಲ್ಲ, ಒಂದು ಕಂಬ ಇದೆ. ಕಂಬ ಇರುವುದು ಫುಟ್‌ಪಾತಿಗೂ ರಸ್ತೆಗೂ ನಡುವಿನ ಪಟ್ಟಿಯಲ್ಲಿ. ಕಾನೂನಿನ 5 ಅಡಿ ದಾರಿ ಉದ್ದಕ್ಕೆ ಸಾಗುತ್ತದೆ. ಬಸ್ ಹತ್ತಬೇಕಾದರೆ ಅಡ್ಡಕ್ಕೆ ಇನ್ನೊಂದು ದಾರಿ ಕಡಿಯಬೇಕು. ಗಾಲಿಕುರ್ಚಿಗೆ ಬಸ್ಸಿನ ರ‍್ಯಾಂಪ್ ಇಳಿಸಲು 5 ಅಡಿ ಅಗಲ, 8 ಅಡಿ ಆಳದ ಸಮತಟ್ಟು ಜಾಗ ಬೇಕು ಅಂತ ಕೇಂದ್ರದ ನಿಯಮ. ಅದನ್ನು ಯಾರು ಕಡಿಯಬೇಕು? ಶೆಲ್ಟರ್ ಇದ್ದ ಕಡೆ ಜಾಹೀರಾತು ಗುತ್ತಿಗೆಯವರು. ಬರೀ ಕಂಬವಾದರೆ ಮಾಲೀಕ ಪಾಲಿಕೆಯನ್ನು ತೋರಿಸುತ್ತಾನೆ, ಪಾಲಿಕೆ ಬಸ್ಸಿನವರನ್ನು, ಬಸ್ಸಿನವರು ಮಾಲೀಕನನ್ನು.

ಕಾರಿನವರಿಗೆ ಈ ಗೊಂದಲವಿಲ್ಲ. ರಸ್ತೆಬದಿಯಲ್ಲಿ ತಾವೇ ಹಿಮ ಅಗೆದ ಪಾರ್ಕಿಂಗ್ ಜಾಗದಲ್ಲಿ ಮುರುಕಲು ಕುರ್ಚಿಯನ್ನೋ ಇಸ್ತ್ರಿ ಹಲಗೆಯನ್ನೋ ಇಟ್ಟು ಹೋದರೆ ಆ ಜಾಗ ಅವರದು. ‘ಡಿಬ್ಸ್’ ಅಂತಾರೆ. ಕಿಟಕಿಯಿಂದ ಟವೆಲ್ ಎಸೆದು ಕೆಂಪು ಬಸ್ಸಿನ ಸೀಟು ಹಿಡಿದ ನಮಗೆ ಇದನ್ನು ವಿವರಿಸಬೇಕಿಲ್ಲ. ಕಾನೂನಿಗೆ ವಿರುದ್ಧ ಅಂತ ಪಾಲಿಕೆಗೂ ಗೊತ್ತು, ಹಿಮ ಕರಗುವವರೆಗೆ ನೋಡಿಯೂ ನೋಡದಂತಿರುತ್ತದೆ. ಅದೇ ಪಾಲಿಕೆ ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ಮುಖ್ಯರಸ್ತೆಗಳಲ್ಲಿ ಬೆಳಗಿನ ಜಾವ 3ರಿಂದ 7ರವರೆಗೆ ನಿಂತ ಕಾರನ್ನು ಎತ್ತಿಕೊಂಡು ಹೋಗುತ್ತದೆ. ಒಂದು ಹಳುಕು ಹಿಮ ಬೀಳದಿದ್ದರೂ ಸರಿ. ಎತ್ತಿದ್ದಕ್ಕೆ 150, ದಂಡ 60, ಇಟ್ಟುಕೊಂಡಿದ್ದಕ್ಕೆ ದಿನಕ್ಕೆ 25 ಡಾಲರ್. ಲಾರಿಗೆ ದಾರಿ ಬೇಕಲ್ಲ!

ನ್ಯಾಯಶಾಸ್ತ್ರ ಇನ್ನೂ ಚೆಂದ. ತಾನಾಗಿ ಬಿದ್ದ ಹಿಮದ ಮೇಲೆ ಯಾರಾದರೂ ಜಾರಿ ಬಿದ್ದರೆ ಷಿಕಾಗೋ ಇರುವ ಇಲಿನಾಯ್ ರಾಜ್ಯದ ಕೋರ್ಟುಗಳ ಪ್ರಕಾರ ಸಾಮಾನ್ಯವಾಗಿ ಮಾಲೀಕ ಪರಿಹಾರ ಕೊಡಬೇಕಿಲ್ಲ. ಗುಡಿಸಿ, ಗುಡ್ಡೆ ಹಾಕಿ, ಅದು ಕರಗಿ ಮತ್ತೆ ಹೆಪ್ಪುಗಟ್ಟಿದರೆ ಕೇಸು ಹಾಕಬಹುದು. ಗುಡಿಸಿದವನಿಗೇ ಶಿಕ್ಷೆಯಾದೀತೆಂದು ಮನೆ ಮಾಲೀಕರನ್ನು ಕಾಪಾಡಲು 1979ರಲ್ಲಿ ಒಂದು ಕಾಯಿದೆಯನ್ನೇ ತಂದರು.

1979 ಅಂದರೆ ಮೇಯರ್ ಬಿಲಾಂಡಿಕ್ ಹಿಮದಲ್ಲಿ ಹೂತುಹೋದ ವರ್ಷ. ರಸ್ತೆ ತೆರವಾಗಲಿಲ್ಲ. ರೈಲುಗಳು ಕಪ್ಪು ಜನರ ಬಡಾವಣೆಗಳ ಸ್ಟೇಷನ್ನುಗಳಲ್ಲಿ ನಿಲ್ಲದೆ ಓಡಿದವು. ಫೆಬ್ರುವರಿಯ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಬಿಲಾಂಡಿಕ್ ಅವರನ್ನು ಜೇನ್ ಬೈರ್ನ್ ಸೋಲಿಸಿದರು. ಆಮೇಲಿನ ಮೇಯರುಗಳೆಲ್ಲ ಪಾಠ ಕಲಿತರು. ಕಲಿತದ್ದು ರಸ್ತೆಯ ಪಾಠ ಮಾತ್ರ. ಸ್ಟೇಷನ್ನಿನಲ್ಲಿ ಕಾದು ನಿಂತಿದ್ದವರು ನಡೆದು ಬಂದವರು ಅನ್ನುವುದು ಯಾರ ತಲೆಗೂ ಹೋಗಲಿಲ್ಲ.

ತಮಾಷೆ ಸಾಕು. ಗಾಲಿಕುರ್ಚಿಯವರು ಮಂಜುಗಡ್ಡೆಯ ಗೋಡೆ ದಾಟಲಾಗದೆ ಕಾರುಗಳ ನಡುವೆ ರಸ್ತೆಯಲ್ಲೇ ಉರುಳಿಸಿಕೊಂಡು ಹೋಗುತ್ತಾರೆ. ಹಾಲು ತರಕಾರಿಯ ತಳ್ಳುಗಾಡಿ ಹಿಡಿದ ಮುದುಕಿ ಬಸ್ಸು ಕಣ್ಣೆದುರೇ ಇದ್ದರೂ ಹತ್ತಲಾರಳು. ಇದು ಪ್ರತಿ ವರ್ಷದ ಮಾತು, ಪ್ರತಿ ವರ್ಷ ಅದೇ ಉತ್ತರ: ಆಗದ ಕೆಲಸ, ದುಬಾರಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ಫುಟ್‌ಪಾತಿನ ಮೇಲೇ ಪುಟ್ಟ ಯಂತ್ರಗಳು ಓಡುತ್ತವೆ. ಅಮೆರಿಕದ್ದೇ ಆದ ರೋಚೆಸ್ಟರ್‌ನಲ್ಲಿ ಹಿಮ ಜಾಸ್ತಿ ಬಿದ್ದರೆ ನಗರವೇ ಫುಟ್‌ಪಾತ್ ತಳ್ಳಿಸುತ್ತದೆ. ಅಲ್ಲಿ ಬೀಳುವ ಹಿಮವೇನು ಪುಕ್ಕಟೆಯೇ?

ದೂರು ಕೊಡಲು ಪಾಲಿಕೆಯ ಫೋನ್ ನಂಬರ್ 311 ಇದೆ. ಆ ಫುಟ್‌ಪಾತಿಗೆ ತಾಗಿದ ಕಟ್ಟಡದ ನಂಬರ್ ತಪ್ಪದೆ ಕೊಡಿ, ಇಲ್ಲದಿದ್ದರೆ ನೋಟಿಸು ಯಾರಿಗೆ ಕಳಿಸುತ್ತಾರೆ? ರೈಲ್ವೆ ಸೇತುವೆಯ ಕೆಳಗಿನ ಫುಟ್‌ಪಾತಾದರೆ ಫೋನು ಮಾಡುವ ಶ್ರಮ ಬೇಡ, ಸೇತುವೆಗೆ ಮನೆ ನಂಬರ್ ಇರುವುದಿಲ್ಲ.