ಪೆನ್ಸಿಲ್ಲಿನ ಓಟಿ, ಬ್ಲಾಕ್‌ಚೈನಿನ ಓಟಿ

ಚಿಕ್ಕಮಗಳೂರಿನ ಹೋಟೆಲೊಂದರಲ್ಲಿ ಮೊನ್ನೆ ಕಾಫಿ ವ್ಯಾಪಾರಕ್ಕೆ ಬ್ಲಾಕ್‌ಚೈನ್ ಏಕೆ ಬೇಕೆಂಬ ಬಗ್ಗೆ ಭಾಷಣವಿತ್ತು. ಊಟವೂ ಇದ್ದುದರಿಂದ ಹೋದೆ. ಬೀಜದ ಮೂಲ ಪತ್ತೆ ಹಚ್ಚುವ ಆ ಸಭೆಯಲ್ಲಿ ಕೊಟ್ಟದ್ದು ಪೊಟ್ಟಣದ ಕಾಫಿಪುಡಿಯ ಕಾಫಿ. ಅದು ಯಾವ ತೋಟದ್ದೆಂದು ಯಾರೂ ಕೇಳಲಿಲ್ಲ.

ಬ್ಲಾಕ್‌ಚೈನ್ ಎಂದರೆ ಕಂಪ್ಯೂಟರುಗಳಲ್ಲಿ ಇಡುವ ಲೆಕ್ಕದ ಪುಸ್ತಕ, ಅದರ ಪ್ರತಿ ಎಲ್ಲರ ಬಳಿಯೂ ಇರುತ್ತದೆ, ಒಮ್ಮೆ ಬರೆದದ್ದನ್ನು ಯಾರೂ ಗುಟ್ಟಾಗಿ ತಿದ್ದಲಾರರು ಎಂದರು ಭಾಷಣಕಾರರು. ಉದ್ಯಮಗಳು ಇದನ್ನು ಒಪ್ಪಬೇಕಾದರೆ ಯಜಮಾನರ ಒಲವು, ಖರ್ಚು, ನುರಿತ ಸಿಬ್ಬಂದಿ, ಸರ್ಕಾರದ ನಿಯಮ, ಪೈಪೋಟಿಗಾರರ ಒತ್ತಡ ಇವೆಲ್ಲ ಕೂಡಿಬರಬೇಕಂತೆ. ಕೊನೆಯದು ನಮಗೆ ಹೊಸತಲ್ಲ. ಪಕ್ಕದ ತೋಟದವರು ಹೋಂಸ್ಟೇ ಕಟ್ಟಿದರೆಂದು ಸಾಲ ಮಾಡಿ ಹೋಂಸ್ಟೇ ಕಟ್ಟಿದವರು ನಾವು.

ಹಡಗು ಸಾಗಣೆಯ ಮೇರ್ಸ್ಕ್ ಕಂಪನಿ ಐಬಿಎಂ ಜೊತೆಗೂಡಿ 2018ರಲ್ಲಿ ಟ್ರೇಡ್‌ಲೆನ್ಸ್ ಎಂಬ ಇಂಥದೇ ವ್ಯವಸ್ಥೆ ತಂದು, ಇಡೀ ಉದ್ಯಮದ ಸಹಕಾರ ಸಿಗದೆ 2022ರಲ್ಲಿ ಅದನ್ನು ಮುಚ್ಚುವುದಾಗಿ ಸಾರಿತು. ಎದುರಂಗಡಿಯವನ ಪುಸ್ತಕದಲ್ಲಿ ತನ್ನ ವ್ಯಾಪಾರ ಬರೆಸಲು ಯಾರಿಗೆ ಮನಸ್ಸು ಬರುತ್ತದೆ? ಭಾಷಣದಲ್ಲಿ ಇದರ ಸುದ್ದಿಯೇ ಬರಲಿಲ್ಲ. ಕಾಫಿ ಮಂಡಳಿ 2019ರ ಮಾರ್ಚಿನಲ್ಲಿ ಬ್ಲಾಕ್‌ಚೈನ್ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದ್ದಕ್ಕೆ ಮಾತ್ರ ಚಪ್ಪಾಳೆ ಬಿತ್ತು.

ನನ್ನ ಚಿಂತೆ ಓಟಿಯದು. 50 ಕೆ.ಜಿ. ರೊಬಸ್ಟಾ ಚೆರಿಯಲ್ಲಿ, ಅಂದರೆ ಒಣಗಿಸಿದ ರೊಬಸ್ಟಾ ಕಾಫಿ ಹಣ್ಣಿನಲ್ಲಿ, ಸಿಪ್ಪೆ ಕಳೆದು ಎಷ್ಟು ಕೆ.ಜಿ. ಬೀಜ ಉಳಿಯುತ್ತದೆ ಎಂಬುದೇ ಓಟಿ, ಅಂದರೆ ಔಟ್‌ಟರ್ನ್. ದುಡ್ಡು ನಿಂತಿರುವುದು ಅದರ ಮೇಲೆ. ನಮ್ಮ ವ್ಯಾಪಾರಿ ಮೂಟೆಯೊಳಗೆ ಕೈ ಹಾಕಿ ಮಾದರಿ ತೆಗೆದು, ಸಿಪ್ಪೆ ಬಿಡಿಸಿ ತೂಗಿ, ತಕ್ಕಡಿಯ ಬದಲು ಆಕಾಶ ನೋಡಿ, ಪೆನ್ಸಿಲ್ಲಿನಲ್ಲಿ 26 ಎಂದು ಬರೆಯುತ್ತಾರೆ. ನಾನು ಮುಖ ಸಣ್ಣದು ಮಾಡಿಕೊಂಡು ನಿಲ್ಲುತ್ತೇನೆ. ಅವರು ನಿಟ್ಟುಸಿರಿಟ್ಟು, ರಬ್ಬರಿನಿಂದ ಉಜ್ಜಿ, ಇಪ್ಪತ್ತಾರೂವರೆ ಮಾಡುತ್ತಾರೆ. ವರ್ಷವಿಡೀ ಮಳೆ, ಆನೆ, ಕಾಯಿಕೊರಕದೊಡನೆ ಗುದ್ದಾಡಿದ್ದಕ್ಕೆ ನನಗೆ ದಕ್ಕುವ ಜಯ ಆ ಅರ್ಧ ಕೆ.ಜಿ.

ಎದ್ದು ನಿಂತು ಕೇಳಿದೆ: "ಸ್ವಾಮಿ, ಇದರಲ್ಲಿ ಓಟಿ ಬರೆಯುವವರು ಯಾರು?"

"ಖರೀದಿದಾರರೇ ನಮೂದಿಸುತ್ತಾರೆ ಸಾರ್. ಆಮೇಲೆ ಯಾರಿಂದಲೂ ಅಳಿಸಲಾಗದು."

ಬೆಳಗಿನಿಂದ ಮೊದಲ ಸಾಲಿನಲ್ಲಿ ತೂಕಡಿಸುತ್ತಿದ್ದ ನಮ್ಮ ವ್ಯಾಪಾರಿ ಥಟ್ಟನೆ ನೆಟ್ಟಗೆ ಕುಳಿತು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ವಿಚಾರಿಸಿದರು:

"ಇದು ಯಾವಾಗಿನಿಂದ ಶುರು?"