ಬಸ್ ಡ್ಯೂಟಿ, ಊಟದ ಡ್ಯೂಟಿ, ನಡುವೆ ಒಂದಿಷ್ಟು ಕೌನ್ಸೆಲಿಂಗ್

ನಾನು ಅಮೆರಿಕದ ವರ್ಜೀನಿಯಾದಲ್ಲಿ ಸ್ಕೂಲ್ ಕೌನ್ಸೆಲರ್. ನನ್ನ ಚಿಕ್ಕಪ್ಪನ ಮಗಳು ವಿಜಯಪುರದ ಒಂದು ಖಾಸಗಿ ಶಾಲೆಯಲ್ಲಿ ಅದೇ ಕೆಲಸ ಮಾಡುತ್ತಾಳೆ. ಜುಲೈನಲ್ಲಿ ಊರಿಗೆ ಹೋದಾಗ ಒಂದು ದಿನ ಅವಳ ಹಿಂದೆಯೇ ಶಾಲೆಗೆ ಹೋದೆ.

ಅವಳ ಕೋಣೆ ಅಂದರೆ ಸ್ಟಾಫ್ ರೂಮಿನ ಒಂದು ಮೂಲೆ. ಪ್ಲೈವುಡ್ ಹೊಡೆದಿದ್ದಾರೆ, ಅದೂ ಸೀಲಿಂಗ್ ತನಕ ಹೋಗಿಲ್ಲ. "ಪಿಸುಮಾತು ಕೇಳಾಕ ಗೋಳಗುಮ್ಮಟಕ್ಕ ಯಾಕ ಹೋಗ್ತಿ? ಇಲ್ಲೇ ಪಿಸುಗುಟ್ಟು, ಆ ಕಡೆ ಗಣಿತದ ಸರ್‌ಗೆ ಕೇಳತೈತಿ" ಅಂದಳು. ಇಬ್ಬರೂ ನಕ್ಕೆವು. ಅಷ್ಟರಲ್ಲಿ ಎಂಟನೇ ಕ್ಲಾಸಿನ ಹುಡುಗಿ ಬಂದಳು. ನಾನು ಎದ್ದು ಸ್ಟಾಫ್ ರೂಮಿನಲ್ಲಿ ಕೂತೆ. ಒಂದೊಂದು ಮಾತೂ ಕೇಳುತ್ತಿತ್ತು. ಕೇಳಬಾರದು ಅಂತ ಅಂಗಳಕ್ಕೆ ಹೋಗಿ ನಿಂತೆ. ಪಾಪ, ಗಣಿತದ ಸರ್ ಎಲ್ಲಿಗೆ ಹೋಗಬೇಕು?

ಹತ್ತು ನಿಮಿಷವೂ ಆಗಿರಲಿಲ್ಲ. ಸಿಪಾಯಿ ಒಂದು ರಿಜಿಸ್ಟರ್ ಹಿಡಿದು ಬಂದ. ಏಳನೇ 'ಬಿ'ಗೆ ಟೀಚರ್ ಇಲ್ಲ, ಮೇಡಂ ಹೋಗಬೇಕು. ಹುಡುಗಿ ಕಣ್ಣೊರೆಸಿಕೊಂಡು ಕ್ಲಾಸಿಗೆ ಹೋದಳು. ಮೇಡಂ ರಿಜಿಸ್ಟರ್‌ಗೆ ಸಹಿ ಹಾಕಿ ಏಳನೇ 'ಬಿ'ಗೆ ಹೋದಳು.

ಕೌನ್ಸೆಲರ್‌ಗಳು ಮಕ್ಕಳ ದುಃಖ ಕೇಳಿ ಕೇಳಿ ಸುಸ್ತಾಗುತ್ತಾರೆ ಅಂತ ಜನ ತಿಳಿದಿರುತ್ತಾರೆ. ನನ್ನ ಅನುಭವದಲ್ಲಿ ಅದು ಅರ್ಧ ಮಾತ್ರ. ಕೇಳುತ್ತಿರುವಾಗ ಎಬ್ಬಿಸಿ ಕಳಿಸುತ್ತಾರಲ್ಲ, ಸುಸ್ತು ಮಾಡುವುದು ಅದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು (ಕೆಲಸ ಮಾಡಿ ಮಾಡಿ ಬಸವಳಿದು ಹೋಗುವುದನ್ನು) ಕಾಯಿಲೆ ಅಂತ ಕರೆಯಲಿಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಅಂತ ಕರೆಯಿತು. ಹಾಗಿದ್ದ ಮೇಲೆ ಸುಸ್ತಾದವಳಿಗೆ ಯೋಗ ಮಾಡು, ಮನಸ್ಸು ಗಟ್ಟಿ ಮಾಡಿಕೋ ಅಂದರೆ ಏನು ಬಂತು? ರಿಜಿಸ್ಟರ್ ಮೊದಲು ಸರಿ ಆಗಬೇಕು.

ನನ್ನ ಕಡೆ ಸ್ವರ್ಗ ಇದೆ ಅಂತಲ್ಲ. ಅಲ್ಲಿನ ಸ್ಕೂಲ್ ಕೌನ್ಸೆಲರ್‌ಗಳ ಸಂಘ 1952ರಿಂದ ಇದೆ. ಒಬ್ಬರಿಗೆ 250 ಮಕ್ಕಳು ಸಾಕು ಅನ್ನುತ್ತದೆ. ದೇಶದ ಸರಾಸರಿ 370 ದಾಟಿದೆ. ನನ್ನ ಪಾಲಿಗೆ 410. ವಸಂತಕಾಲ ಬಂತೆಂದರೆ ಪರೀಕ್ಷೆ ತಪ್ಪಿಸಿಕೊಂಡವರ ಪಟ್ಟಿ ಹಿಡಿದು ಓಡಾಡುವುದೇ ಕೆಲಸ. ಮಧ್ಯಾಹ್ನ ಕೆಫೆಟೇರಿಯಾದಲ್ಲಿ ನಿಂತು ಯಾರೂ ಟೇಟರ್ ಟಾಟ್ಸ್ (ಕರಿದ ಆಲೂಗಡ್ಡೆ ತುಂಡು) ಎಸೆಯದಂತೆ ಕಾಯುತ್ತೇನೆ. ಅದಕ್ಕೂ ಮಾಸ್ಟರ್ಸ್ ಡಿಗ್ರಿ ಬೇಕಂತೆ!

ಅವತ್ತು ರಾತ್ರಿ ರೊಟ್ಟಿ, ಶೇಂಗಾ ಚಟ್ನಿ ಮುಂದೆ ಕೂತು ಅವಳಿಗೆ ಆ ಸಂಘದ ಒಂದು ಪಟ್ಟಿ ಓದಿ ಹೇಳಿದೆ. ಕೌನ್ಸೆಲರ್ ಕೈಲಿ ಮಾಡಿಸಬಾರದ ಕೆಲಸಗಳ ಪಟ್ಟಿ ಅದು. ಬಾರದ ಟೀಚರ್ ಬದಲು ಕ್ಲಾಸ್ ತಗೊಳ್ಳುವುದು, ಪರೀಕ್ಷೆಯ ಉಸ್ತುವಾರಿ, ತಡವಾಗಿ ಬಂದವರ ಚೀಟಿಗೆ ಸಹಿ, ಗುಮಾಸ್ತರ ಕೆಲಸ. ಅವಳು ಬೆರಳು ಮಡಚುತ್ತಾ ಹೋದಳು. "ಇದು ನನ್ನ ಟೈಮ್ ಟೇಬಲ್ ಅಲ್ಲೇನು?"

ಹೆಸರಿನದೂ ಒಂದು ಕಥೆ. ಅಲ್ಲಿ ಈಗಲೂ ಎಷ್ಟೋ ಜನ ನಮ್ಮನ್ನು 'ಗೈಡೆನ್ಸ್ ಕೌನ್ಸೆಲರ್' ಅನ್ನುತ್ತಾರೆ. ಸಂಘ ಆ ಹೆಸರು ಬಿಟ್ಟು ಎಷ್ಟೋ ವರ್ಷವಾಯಿತು. ಪ್ರತಿ ಸಲ ತಿದ್ದುತ್ತೇವೆ, ಸುಮ್ನೆ ಜಗಳಗಂಟರಂತೆ ಕಾಣುತ್ತೇವೆ. ವಿಜಯಪುರದಲ್ಲಿ ಮಕ್ಕಳ ಬಾಯಲ್ಲಿ ಅವಳು 'ಹುಚ್ಚರ ಮೇಡಂ'. ಅದು ಅವಳಿಗೆ ನೋಯುವುದಿಲ್ಲ. ನೋಯುವುದು ಸಹೋದ್ಯೋಗಿಗಳ ಮಾತು: "ಇವಗ ಸ್ವಲ್ಪ ಬುದ್ಧಿ ಹೇಳ್ರಿ ಮೇಡಂ." ಬುದ್ಧಿ ಹೇಳುವವರು ನಮ್ಮೂರಲ್ಲಿ ಕಟ್ಟೆಗೆ ಹತ್ತು ಜನ ಸಿಗುತ್ತಾರೆ. ಅಪ್ಪ ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿ, ಹಾಸ್ಟೆಲ್‌ನಲ್ಲಿ ಉಳಿದ ಹುಡುಗನಿಗೆ ಯಾವ ಬುದ್ಧಿ ಹೇಳುತ್ತೀರಿ? ಅವನ ಪಕ್ಕ ಸುಮ್ಮನೆ ಕೂರಬೇಕು. ಹಾಗೆ ಕೂತವಳನ್ನು ನೋಡಿದವರು "ಮೇಡಂ ಖಾಲಿ ಅದಾರ" ಅನ್ನುತ್ತಾರೆ.

ಕಾಗದದ ಮೇಲೆ ಇಲ್ಲೂ ಕೊರತೆ ಇಲ್ಲ. ಸಿಬಿಎಸ್‌ಇ ನಿಯಮದಲ್ಲಿ ಕೌನ್ಸೆಲರ್ ಬೇಕು ಅಂತಿದೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಒಬ್ಬ ಅರ್ಹ ಕೌನ್ಸೆಲರ್ ಇರಲಿ ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿತು. ನೇಮಕ ಆಗುತ್ತೆ ಅಂತಲೇ ಇಟ್ಟುಕೊಳ್ಳಿ. ಬಂದವಳನ್ನು ಬಸ್ ಹತ್ತಿರ ನಿಲ್ಲಿಸಿದರೆ?

ಒಂದು ವಿಷಯದಲ್ಲಿ ಮಾತ್ರ ನನಗೆ ಅವಳ ಮೇಲೆ ಹೊಟ್ಟೆಕಿಚ್ಚು. ಮಧ್ಯಾಹ್ನ ಏಳೆಂಟು ಟೀಚರ್‌ಗಳು ಡಬ್ಬಿ ಬಿಚ್ಚಿ ದುಂಡಗೆ ಕೂತರು. ಗಣಿತದ ಸರ್ ಕೇಳದೆಯೇ ಅವಳ ತಟ್ಟೆಗೆ ಎಣ್ಣೆಗಾಯಿ ಹಾಕಿದರು. ಹಗಲೆಲ್ಲ ಮಕ್ಕಳ ಮಾತು ಹೊತ್ತ ನನಗೆ ವರ್ಜೀನಿಯಾದಲ್ಲಿ ಹಾಗೆ ಕೂರಿಸಿಕೊಂಡವರು ಯಾರೂ ಇಲ್ಲ.

ಪಟ್ಟಿ ಹಿಡಿದು ಪ್ರಿನ್ಸಿಪಾಲರ ಹತ್ತಿರ ಹೋಗು ಅಂದೆ. "ನಿಂದು ನಿಂಗ ಛಲೋ ಐತಿ, ನಂದು ವರ್ಷಾ ವರ್ಷಾ ಕಾಂಟ್ರ್ಯಾಕ್ಟ್" ಅಂದಳು. ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಆಗಸ್ಟ್ ಕೊನೆಗೆ ವಾಟ್ಸಾಪ್ ಬಂತು. "ಹೋಗಿ ಕೇಳಿದೆ. ಬಸ್ ಡ್ಯೂಟಿ ಹೋತು. ರಿಜಿಸ್ಟರ್ ಹಂಗ ಐತಿ. ನಿಂದು?"

ಕೆಫೆಟೇರಿಯಾದಲ್ಲಿ ನಿಂತೇ ಉತ್ತರ ಬರೆದೆ.